ದೊಡ್ಡ ಅಣೆಕಟ್ಟಿನ ಲೆಕ್ಕ: ಬೆಳಕು ಯಾರಿಗೆ, ಮುಳುಗಡೆ ಯಾರಿಗೆ?

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಜಲವಿದ್ಯುತ್ ಅಗ್ಗ, ಶುದ್ಧ, ಮುಗಿಯದ ಶಕ್ತಿ ಅಂತ ಪಠ್ಯಪುಸ್ತಕದಲ್ಲಿ ಓದಿದ್ದೇನೆ. ಬೇರೆ ಕಡೆ ನೋಡಿದರೆ ದೊಡ್ಡ ಅಣೆಕಟ್ಟು ಅಂದರೆ ಬರೀ ವಿನಾಶ ಅಂತ ಬರೆದಿರುತ್ತಾರೆ. ಇಬ್ಬರೂ ಅಂಕಿ ಅಂಶ ಕೊಡುತ್ತಾರೆ. ಇದರ ಲಾಭ ನಷ್ಟ ತೂಗಿ ನೋಡುವುದು ಹೇಗೆ ಸರ್? ಈಗಾಗಲೇ ಕಟ್ಟಿರುವುದನ್ನು ಒಡೆಯಬೇಕು ಅನ್ನುವವರ ಮಾತು ಸರಿಯೇ?

ಉತ್ತರ: ನೀವು ಓದಿದ ಎರಡೂ ಮಾತು ನಿಜ. ಆದರೆ ಅವು ಒಂದೇ ಅಣೆಕಟ್ಟಿನ ಬಗ್ಗೆ ಹೇಳಿದ ಮಾತಲ್ಲ. ಗೊಂದಲ ಹುಟ್ಟುವುದೇ ಇಲ್ಲಿ. ಒಂದಕ್ಕೂ ಇನ್ನೊಂದಕ್ಕೂ ನೂರು ಪಟ್ಟು ವ್ಯತ್ಯಾಸ ಇರುವ ಅಣೆಕಟ್ಟುಗಳನ್ನೆಲ್ಲ ನಾವು 'ದೊಡ್ಡ ಅಣೆಕಟ್ಟು' ಅನ್ನುವ ಒಂದೇ ಹೆಸರಿಂದ ಕರೆಯುತ್ತೇವೆ.

ನೂರು ಪಟ್ಟು ಅಂದದ್ದು ಸುಮ್ನೆ ಮಾತಿಗಲ್ಲ. ಬ್ರೆಜಿಲ್ ಮತ್ತು ಪರಗ್ವೆ ದೇಶಗಳ ಗಡಿಯಲ್ಲಿ ಇಟೈಪು ಅಣೆಕಟ್ಟು ಇದೆ. ಅದರ ಸಾಮರ್ಥ್ಯ 14,000 ಮೆಗಾವ್ಯಾಟ್. ಅದಕ್ಕಾಗಿ ಮುಳುಗಿದ ಜಾಗ ಸುಮಾರು 1,350 ಚದರ ಕಿಲೋಮೀಟರ್. ಅದೇ ಬ್ರೆಜಿಲ್‌ನ ಅಮೆಜಾನ್ ಕಾಡಿನಲ್ಲಿ ಬಾಲ್ಬಿನಾ ಅಂತ ಇನ್ನೊಂದು ಅಣೆಕಟ್ಟು ಇದೆ. ಅಲ್ಲಿ ಮುಳುಗಿದ್ದು ಸುಮಾರು 2,360 ಚದರ ಕಿಲೋಮೀಟರ್, ಸಾಮರ್ಥ್ಯ ಬರೀ 250 ಮೆಗಾವ್ಯಾಟ್. ಭಾಗಿಸಿ ನೋಡಿ. ಇಟೈಪುವಿನಲ್ಲಿ ಒಂದು ಚದರ ಕಿಲೋಮೀಟರ್ ಮುಳುಗಡೆಗೆ ಹತ್ತು ಮೆಗಾವ್ಯಾಟ್ ಸಿಕ್ಕಿತು. ಬಾಲ್ಬಿನಾದಲ್ಲಿ ಒಂದು ಮೆಗಾವ್ಯಾಟಿನ ಹತ್ತನೇ ಒಂದು ಭಾಗ. ಇಬ್ಬರೂ ಕಟ್ಟಿದ್ದು ಅಣೆಕಟ್ಟನ್ನೇ, ಎರಡರಲ್ಲೂ ತಿರುಗುವುದು ಟರ್ಬೈನೇ.

ಇಷ್ಟೊಂದು ವ್ಯತ್ಯಾಸ ಯಾಕೆ? ನೀರು ಎಷ್ಟು ಎತ್ತರದಿಂದ ಬೀಳುತ್ತದೆ ಅನ್ನುವುದೇ ಮುಖ್ಯ. ಒಂದು ಘನ ಮೀಟರ್ ನೀರು, ಅಂದರೆ ಸಾವಿರ ಲೀಟರ್, 100 ಮೀಟರ್ ಎತ್ತರದಿಂದ ಬಿದ್ದರೆ ಸುಮಾರು ಕಾಲು ಯೂನಿಟ್ ವಿದ್ಯುತ್ ಸಿಗುತ್ತದೆ. ಟರ್ಬೈನು, ಜನರೇಟರ್ ನಷ್ಟ ಕಳೆದು ಹೇಳುತ್ತಿರುವ ಲೆಕ್ಕ ಇದು. ಅಂದರೆ ಒಂದು ಯೂನಿಟ್‌ಗೆ ನಾಲ್ಕು ಸಾವಿರ ಲೀಟರ್ ಬೇಕು. ಎತ್ತರ 20 ಮೀಟರ್ ಮಾತ್ರ ಇದ್ದರೆ ಅದೇ ಯೂನಿಟ್‌ಗೆ ಇಪ್ಪತ್ತು ಸಾವಿರ ಲೀಟರ್. ಕಡಿದಾದ ಕಣಿವೆಯಲ್ಲಿ ಅಡ್ಡಗಟ್ಟಿದರೆ ನೀರು ಮೇಲಕ್ಕೆ ಏರುತ್ತದೆ. ಬಯಲಿನಲ್ಲಿ ಅಡ್ಡಗಟ್ಟಿದರೆ ಅಕ್ಕಪಕ್ಕಕ್ಕೆ ಹರಡುತ್ತದೆ. ಬಾಲ್ಬಿನಾದಲ್ಲಿ ಆದದ್ದು ಅದೇ. ನಾರ್ವೆಯ ವಿದ್ಯುತ್ತಿನಲ್ಲಿ ಸುಮಾರು ಶೇ 90 ಜಲವಿದ್ಯುತ್. ಅಲ್ಲಿ ಕೆರೆಗಳು ಬೆಟ್ಟದ ಮೇಲಿವೆ, ಕಣಿವೆಗಳು ಆಳವಾಗಿವೆ, ಮುಳುಗುವ ಜಾಗದಲ್ಲಿ ಜನ ಕಡಿಮೆ. ನಾರ್ವೆಯನ್ನು ತೋರಿಸಿ ಬಯಲಿನಲ್ಲಿ ಅಣೆಕಟ್ಟು ಕಟ್ಟುತ್ತೇವೆ ಅಂದರೆ ಒಪ್ಪಬಾರದು.

ಇಟೈಪುವಿನ ಲೆಕ್ಕ ಚೆನ್ನಾಗಿದೆ ಅಂದೆ. ಹಾಗಂತ ಅದು ಪುಕ್ಕಟೆಯಾಗಿ ಬರಲಿಲ್ಲ. 1982ರ ಅಕ್ಟೋಬರ್‌ನಲ್ಲಿ ಆ ಜಲಾಶಯ ತುಂಬುವಾಗ ಗ್ವೈರಾ ಜಲಪಾತ ನೀರಿನಡಿ ಹೋಯಿತು. ಹರಿಯುವ ನೀರಿನ ಪ್ರಮಾಣದಲ್ಲಿ ಅದು ಜಗತ್ತಿನ ಅತಿ ದೊಡ್ಡ ಜಲಪಾತಗಳಲ್ಲಿ ಒಂದಾಗಿತ್ತು. ಅದಕ್ಕೆ ಎಷ್ಟು ಯೂನಿಟ್ ಬೆಲೆ ಕಟ್ಟುತ್ತೀರಿ? ಲಾಭ ನಷ್ಟದ ಪಟ್ಟಿಯಲ್ಲಿ ಈ ಕಾಲಂ ಅನ್ನು ನಾನು ಯಾವಾಗಲೂ ಖಾಲಿ ಬಿಡುತ್ತೇನೆ. ಸೊನ್ನೆ ಮಾತ್ರ ಬರೆಯುವುದಿಲ್ಲ.

ಈಗ ಲಾಭದ ಕಡೆ ಬರೋಣ. ಜಗತ್ತಿನ ಒಟ್ಟು ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಏಳರಲ್ಲಿ ಒಂದು ಪಾಲು ನೀರಿನಿಂದ ಬರುತ್ತದೆ. ಆದರೆ ಅಣೆಕಟ್ಟಿನ ನಿಜವಾದ ಬೆಲೆ ಯೂನಿಟ್ ಲೆಕ್ಕದಲ್ಲಿ ಕಾಣುವುದಿಲ್ಲ, ಸಮಯದ ಲೆಕ್ಕದಲ್ಲಿ ಕಾಣುತ್ತದೆ. ಸಂಜೆ ಸೂರ್ಯ ಮುಳುಗುತ್ತಾನೆ, ಸೌರ ವಿದ್ಯುತ್ ನಿಲ್ಲುತ್ತದೆ. ಅದೇ ಹೊತ್ತಿಗೆ ಮನೆ ಮನೆಯಲ್ಲಿ ದೀಪ ಹತ್ತುತ್ತದೆ, ಲೋಡ್ ಏರುತ್ತದೆ. ಕಲ್ಲಿದ್ದಲಿನ ಸ್ಥಾವರ ತಣ್ಣಗಿದ್ದರೆ ಅದನ್ನು ಪೂರ್ತಿ ಚಾಲೂ ಮಾಡಲು ಗಂಟೆಗಟ್ಟಲೆ ಬೇಕು. ನೀರಿಗೆ ನಿಮಿಷ ಸಾಕು. ವಿದ್ಯುದಾಗಾರದ ಒಳಗೆ ನಿಂತು ನೋಡಿದವರಿಗೆ ಇದು ಕಾಲಿನಲ್ಲೇ ಗೊತ್ತಾಗುತ್ತದೆ. ಟರ್ಬೈನಿನ ಸುತ್ತಲಿನ ರೆಕ್ಕೆಗಳು ನಿಧಾನಕ್ಕೆ ತೆರೆದುಕೊಳ್ಳುತ್ತವೆ. ಮೊದಲು ನೆಲ ಸಣ್ಣಗೆ ನಡುಗುತ್ತದೆ, ಆಮೇಲೆ ಒಂದೇ ಸಮನೆ ಗುಂಯ್‌ಗುಡುತ್ತದೆ. ಅಷ್ಟರಲ್ಲಿ ಸಾವಿರಾರು ಮನೆಗಳಿಗೆ ಸಾಕಾಗುವ ವಿದ್ಯುತ್ ಗ್ರಿಡ್ ಸೇರಿರುತ್ತದೆ. ನಾನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಖುಷಿಯಾಗಿದೆ. ವೇಲ್ಸ್‌ನ ಡಿನೋರ್ವಿಗ್‌ನಲ್ಲಿ ಬೆಟ್ಟದ ಒಳಗೇ ಒಂದು ಪಂಪ್ಡ್ ಸ್ಟೋರೇಜ್ ಸ್ಥಾವರ ಇದೆ, ಅಂದರೆ ಬೇಡಿಕೆ ಕಡಿಮೆ ಇದ್ದಾಗ ನೀರನ್ನು ಮೇಲಿನ ಕೆರೆಗೆ ಪಂಪ್ ಮಾಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಸ್ಥಾವರ. 1984ರಿಂದ ನಡೆಯುತ್ತಿದೆ. ಯಂತ್ರಗಳನ್ನು ತಿರುಗಿಸುತ್ತಾ ಸಿದ್ಧವಾಗಿಟ್ಟಿದ್ದರೆ ಅದು 20 ಸೆಕೆಂಡಿನೊಳಗೆ 1,300 ಮೆಗಾವ್ಯಾಟ್ ಕೊಡಬಲ್ಲದು. ಇಡೀ ಗ್ರಿಡ್ ಕತ್ತಲಾದಾಗ ಹೊರಗಿನ ವಿದ್ಯುತ್ತಿನ ನೆರವಿಲ್ಲದೆ ಮತ್ತೆ ಶುರು ಮಾಡಲು ಮೊದಲು ನೋಡುವುದು ಜಲವಿದ್ಯುತ್ ಸ್ಥಾವರಗಳ ಕಡೆಗೇ. ಸೌರ ಮತ್ತು ಗಾಳಿ ವಿದ್ಯುತ್ ಬೆಳೆದಷ್ಟೂ ಈ ಗುಣದ ಬೆಲೆ ಏರುತ್ತದೆ.

ಬರ ಮತ್ತು ನೆರೆಯ ಮಾತೂ ಇದೆ. 1980ರ ದಶಕದಲ್ಲಿ ನೈಲ್ ನದಿಗೆ ವರ್ಷಗಟ್ಟಲೆ ನೀರು ಕಡಿಮೆ ಬಂತು. ಇಥಿಯೋಪಿಯಾದಲ್ಲಿ ಭೀಕರ ಬರಗಾಲ. ಕೆಳಗಿದ್ದ ಈಜಿಪ್ಟ್ ಮಾತ್ರ ಆ ವರ್ಷಗಳನ್ನು ದಾಟಿಕೊಂಡಿತು. ಕಾರಣ, 1970ರಲ್ಲಿ ಮುಗಿದ ಅಸ್ವಾನ್ ಹೈ ಡ್ಯಾಮ್‌ನಲ್ಲಿ ಕೂಡಿಟ್ಟ ನೀರು. ಅಣೆಕಟ್ಟನ್ನು ವಿರೋಧಿಸುವವರು ಇದನ್ನು ಹೇಳದೇ ಬಿಟ್ಟರೆ ನನಗೆ ಬೇಸರವಾಗುತ್ತದೆ.

'ಶುದ್ಧ' ಅನ್ನುವ ಮಾತನ್ನು ಈಗ ಪರೀಕ್ಷೆ ಮಾಡೋಣ. ಹಳೆಯ ಕೊಳದ ದಡದಲ್ಲಿ ನಿಂತು ಒಂದು ಕೋಲು ತೆಗೆದುಕೊಂಡು ತಳದ ಕೆಸರನ್ನು ಚುಚ್ಚಿ. ಗುಳು ಗುಳು ಅಂತ ಗುಳ್ಳೆ ಏಳುತ್ತವೆ. ಅದರಲ್ಲಿ ಬಹುಪಾಲು ಮೀಥೇನ್. ಗಾಳಿ ಸೋಕದ ಜಾಗದಲ್ಲಿ ಎಲೆ, ಕಡ್ಡಿ ಕೊಳೆತಾಗ ಹುಟ್ಟುವ ಅನಿಲ. ಕಾಡನ್ನು ಕಡಿಯದೆ ಹಾಗೇ ಮುಳುಗಿಸಿದರೆ ಇಡೀ ಜಲಾಶಯದ ತಳದಲ್ಲಿ ನಡೆಯುವುದು ಇದೇ. ಭೂಮಿ ಬಿಸಿ ಮಾಡುವುದರಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜೋರು. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ 2014ರ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಒಂದು ಯೂನಿಟ್ ಜಲವಿದ್ಯುತ್ತಿಗೆ ಸಾಮಾನ್ಯವಾಗಿ 24 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆ, ಕಲ್ಲಿದ್ದಲಿಗೆ 820 ಗ್ರಾಂ. ಇಷ್ಟನ್ನೇ ಓದಿದರೆ ಪಠ್ಯಪುಸ್ತಕ ಸರಿ. ಆದರೆ ಅದೇ ಕೋಷ್ಟಕದಲ್ಲಿ ಜಲವಿದ್ಯುತ್ತಿನ ಕನಿಷ್ಠ 1, ಗರಿಷ್ಠ 2,200 ಅಂತ ಇದೆ. ಗರಿಷ್ಠದ ಕಡೆಗಿರುವ ಜಲಾಶಯಗಳು ಕಲ್ಲಿದ್ದಲನ್ನೂ ಮೀರಿಸುತ್ತವೆ. ಬಾಲ್ಬಿನಾ ಅಂಥದ್ದು ಅಂತ ಅಲ್ಲಿ ಕೆಲಸ ಮಾಡಿದ ವಿಜ್ಞಾನಿಗಳೇ ಲೆಕ್ಕ ಹಾಕಿ ತೋರಿಸಿದ್ದಾರೆ. ತಣ್ಣನೆಯ ದೇಶದಲ್ಲಿ, ಕಲ್ಲಿನ ಕಣಿವೆಯಲ್ಲಿ, ಆಳವಾಗಿ ನಿಂತ ನೀರಿಗೆ ಈ ದೂರು ಹೆಚ್ಚುಕಡಿಮೆ ಅನ್ವಯಿಸುವುದೇ ಇಲ್ಲ.

'ಮುಗಿಯದ' ಅನ್ನುವ ಮಾತಿನ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ. ನಾನು ಕೆಲಸದ ಮೊದಲ ವರ್ಷಗಳನ್ನು ಜಲಾಶಯಗಳ ಹೂಳು ಅಳೆಯುವುದರಲ್ಲೇ ಕಳೆದವನು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಹಿನ್ನೀರಿನ ತುದಿಗೆ ಹೋಗುತ್ತಿದ್ದೆವು. ನದಿ ಜಲಾಶಯ ಸೇರುವ ಜಾಗದಲ್ಲಿ ಮೊದಲು ದಪ್ಪ ಮರಳು ಬಿದ್ದಿರುತ್ತದೆ, ಮುಂದೆ ನುಣ್ಣನೆಯ ಮರಳು, ಇನ್ನೂ ಮುಂದೆ ಬೆಣ್ಣೆಯಂಥ ಕೆಸರು. ಕೈಯಲ್ಲಿ ಹಿಡಿದು ಉಜ್ಜಿದರೆ ಬೆರಳಿನ ಗೆರೆಯೊಳಗೆಲ್ಲ ಕೂರುತ್ತದೆ. ಅದು ಮೇಲಿನ ಬೆಟ್ಟ, ಹೊಲಗಳಿಂದ ತೊಳೆದು ಬಂದ ಮೇಲ್ಮಣ್ಣು. ಅಣೆಕಟ್ಟು ಇಲ್ಲದಿದ್ದರೆ ಅದು ಕೆಳಗಿನ ಬಯಲಿಗೆ, ನದಿ ಮುಖಕ್ಕೆ ಹೋಗಬೇಕಿದ್ದ ಮಣ್ಣು. ನೀರು ಪ್ರತಿ ಮಳೆಗಾಲ ಹೊಸದಾಗಿ ಬರುತ್ತದೆ ನಿಜ. ಆದರೆ ನೀರು ನಿಲ್ಲುವ ಜಾಗ ಪ್ರತಿ ವರ್ಷ ಕಡಿಮೆಯಾಗುತ್ತಾ ಹೋಗುತ್ತದೆ.

ಇದಕ್ಕೆ ಅತ್ಯಂತ ನೋವಿನ ಉದಾಹರಣೆ ಚೀನಾದ ಹಳದಿ ನದಿಯ ಸಾನ್‌ಮೆನ್‌ಷಿಯಾ ಅಣೆಕಟ್ಟು. ಆ ನದಿಯ ಹೆಸರಿನಲ್ಲೇ ಹೂಳಿನ ಬಣ್ಣ ಇದೆ. ಇಲ್ಲಿ ಈ ರೀತಿ ಕಟ್ಟಿದರೆ ಹೂಳು ತುಂಬುತ್ತದೆ, ಮೇಲಿನ ಊರುಗಳಿಗೆ ನೆರೆ ನುಗ್ಗುತ್ತದೆ ಅಂತ ಹುವಾಂಗ್ ವಾನ್‌ಲಿ ಎಂಬ ಎಂಜಿನಿಯರ್ ಮೊದಲೇ ಎಚ್ಚರಿಸಿದ್ದರು. ಕೇಳುವವರಿರಲಿಲ್ಲ. ಅಲ್ಲಿನ ಕಮ್ಯುನಿಸ್ಟ್ ಆಡಳಿತ ಅವರಿಗೇ 'ಬಲಪಂಥೀಯ' ಅನ್ನುವ ಪಟ್ಟ ಕಟ್ಟಿತು. 1960ರಲ್ಲಿ ನೀರು ನಿಲ್ಲಿಸಿದರು. ಕೆಲವೇ ವರ್ಷಗಳಲ್ಲಿ ಜಲಾಶಯ ಹೂಳಿನಿಂದ ತುಂಬುತ್ತಾ ಬಂತು. ಮೇಲಿನ ಉಪನದಿಯ ತಳ ಏರಿತು. ಕೊನೆಗೆ ಅಣೆಕಟ್ಟಿನ ಬುಡದಲ್ಲಿ ಹೊಸ ದಾರಿಗಳನ್ನು ಕೊರೆದು ಹೂಳು ಹೊರಬಿಡಬೇಕಾಯಿತು. ವಿದ್ಯುತ್ತಿನ ಕನಸು ದೊಡ್ಡದಿತ್ತು, ಸಿಕ್ಕಿದ್ದು ಅದರ ಸಣ್ಣ ತುಣುಕು.

ಹೂಳು ಮೇಲೆ ಉಳಿದರೆ ಕೆಳಗೆ ಏನಾಗುತ್ತದೆ? ಹೂಳಿಲ್ಲದ ತಿಳಿ ನೀರನ್ನು ನಮ್ಮ ಕೆಲಸದವರು 'ಹಸಿದ ನೀರು' ಅನ್ನುತ್ತಾರೆ. ತನ್ನ ಪಾಲಿನ ಮಣ್ಣನ್ನು ಕಳೆದುಕೊಂಡ ನದಿ ಕೆಳಗಿನ ದಡ, ತಳವನ್ನೇ ತಿನ್ನಲು ಶುರು ಮಾಡುತ್ತದೆ. ಅಸ್ವಾನ್ ಆದ ಮೇಲೆ ನೈಲ್ ನದಿ ಮುಖಜ ಭೂಮಿಗೆ ಹೊಸ ಮಣ್ಣು ಬರುವುದು ನಿಂತಿತು, ಕಡಲು ದಡವನ್ನು ಕೊರೆಯತೊಡಗಿತು. ನೆರೆಯ ಜೊತೆ ಬರುತ್ತಿದ್ದ ಪೋಷಕಾಂಶ ನಂಬಿಕೊಂಡು ಅಲ್ಲಿನ ಸಮುದ್ರದಲ್ಲಿ ಸಾರ್ಡೀನ್ ಮೀನು ಬೆಳೆಯುತ್ತಿತ್ತು. 1960ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 18,000 ಟನ್ ಹಿಡಿಯುತ್ತಿದ್ದರು. ಆ ದಶಕ ಮುಗಿಯುವಷ್ಟರಲ್ಲಿ ಅದು 1,000 ಟನ್‌ಗಿಂತ ಕೆಳಗಿಳಿಯಿತು. ಅಣೆಕಟ್ಟಿನಿಂದ ಸುಮಾರು ಸಾವಿರ ಕಿಲೋಮೀಟರ್ ಆಚೆ, ಸಮುದ್ರದಲ್ಲಿ ಬಲೆ ಬೀಸುವವರು. ಯೋಜನೆಯ ನಷ್ಟದ ಪಟ್ಟಿಯಲ್ಲಿ ಅವರ ಹೆಸರು ಬರುತ್ತದೆ ಅಂತ ಯಾರಾದರೂ ಊಹಿಸಿದ್ದರಾ?

ನನ್ನ ಮುಖ್ಯ ಮಾತು ಈ ಪಟ್ಟಿಯ ಬಗ್ಗೆಯೇ. ಲಾಭ ನಷ್ಟ ತೂಗುವುದು ಅಂದ ಕೂಡಲೇ ನಾವು ಒಂದು ತಕ್ಕಡಿ ಕಲ್ಪಿಸಿಕೊಳ್ಳುತ್ತೇವೆ. ಈ ಕಡೆ ಲಾಭ, ಆ ಕಡೆ ನಷ್ಟ, ಯಾವುದು ಭಾರವೋ ಅದೇ ತೀರ್ಮಾನ. ಒಬ್ಬನೇ ಮನುಷ್ಯನ ಲಾಭ ನಷ್ಟ ಆದರೆ ಈ ತಕ್ಕಡಿ ಸರಿ. ಅಣೆಕಟ್ಟಿನಲ್ಲಿ ಲಾಭ ಒಬ್ಬರದು, ನಷ್ಟ ಇನ್ನೊಬ್ಬರದು. ನನ್ನ ಮನೆಗೆ ಬಂದ ಬೆಳಕನ್ನು ನಿಮ್ಮ ಮನೆ ಮುಳುಗಿದ್ದರ ಜೊತೆ ಕೂಡಿ ಕಳೆದು 'ಒಟ್ಟಾರೆ ಲಾಭ' ಅಂತ ಬರೆದರೆ ಗಣಿತ ಸರಿ ಇರಬಹುದು, ನ್ಯಾಯ ಸರಿ ಇರುವುದಿಲ್ಲ.

ಆಫ್ರಿಕಾದ ಜಾಂಬೆಜಿ ನದಿಗೆ 1950ರ ದಶಕದ ಕೊನೆಯಲ್ಲಿ ಕಟ್ಟಿದ ಕರಿಬಾ ಅಣೆಕಟ್ಟನ್ನೇ ನೋಡಿ. ನೀರು ಹಿಡಿದಿಡುವ ಪ್ರಮಾಣದಲ್ಲಿ ಅದು ಜಗತ್ತಿನ ಅತಿ ದೊಡ್ಡ ಜಲಾಶಯ. ಅದಕ್ಕಾಗಿ ಟೋಂಗಾ ಸಮುದಾಯದ ಸುಮಾರು 57,000 ಜನ ನದಿದಂಡೆ ಬಿಟ್ಟು ಹೋಗಬೇಕಾಯಿತು. ನೆರೆ ಇಳಿದ ಮೇಲೆ ದಂಡೆಯ ಹಸಿ ಮಣ್ಣಿನಲ್ಲಿ ಬೆಳೆ ತೆಗೆಯುತ್ತಿದ್ದವರು ಅವರು. ಒಣ ಗುಡ್ಡಗಳಿಗೆ ಹೋಗಿ ಬಿದ್ದರು. ವಿದ್ಯುತ್ ತಂತಿಗಳು ಅವರ ತಲೆ ಮೇಲಿಂದ ಹಾದು ದೂರದ ತಾಮ್ರದ ಗಣಿಗಳಿಗೆ, ಪಟ್ಟಣಗಳಿಗೆ ಹೋದವು. ಅವರ ಹಳ್ಳಿಗಳು ದಶಕಗಳ ಕಾಲ ಕತ್ತಲಲ್ಲೇ ಉಳಿದವು.

1998ರಲ್ಲಿ ಅಣೆಕಟ್ಟುಗಳ ಕುರಿತು ಒಂದು ವಿಶ್ವ ಆಯೋಗ ರಚನೆಯಾಯಿತು. ದಕ್ಷಿಣ ಆಫ್ರಿಕಾದ ಮಂತ್ರಿ ಕಾದರ್ ಅಸ್ಮಲ್ ಅಧ್ಯಕ್ಷರು. ಅಣೆಕಟ್ಟಿಗೆ ಯಂತ್ರ ಪೂರೈಸುವ ಕಂಪನಿಯ ಮುಖ್ಯಸ್ಥರೂ ಅದರಲ್ಲಿದ್ದರು, ನರ್ಮದಾ ಹೋರಾಟದ ಮೇಧಾ ಪಾಟ್ಕರ್ ಅವರೂ ಇದ್ದರು. 2000ದಲ್ಲಿ ಬಂದ ಅವರ ವರದಿಯ ಅಂದಾಜಿನಂತೆ ದೊಡ್ಡ ಅಣೆಕಟ್ಟುಗಳಿಂದ ಊರು ಬಿಟ್ಟವರು ನಾಲ್ಕರಿಂದ ಎಂಟು ಕೋಟಿ ಜನ. ಆ ಅಂದಾಜನ್ನು ಒಂದು ಕ್ಷಣ ನೋಡಿ. ನಾಲ್ಕೋ ಎಂಟೋ ಅಂತ ಗೊತ್ತಿಲ್ಲ. ಅಷ್ಟು ಜನರನ್ನು ಯಾರೂ ಸರಿಯಾಗಿ ಎಣಿಸಿಯೇ ಇರಲಿಲ್ಲ.

ಎಣಿಕೆ ತಪ್ಪುವುದು ಹೇಗೆ ಅಂತ ಹತ್ತಿರದಿಂದ ನೋಡಿದ್ದೇನೆ. ಮುಳುಗಡೆ ಪಟ್ಟಿ ಮಾಡುವಾಗ ಕಾಗದ ಪತ್ರ ಇದ್ದವರ ಹೆಸರು ಮೊದಲು ಸೇರುತ್ತದೆ. ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುವವರು, ಕುರಿ ಮೇಯಿಸುವವರು, ಮೀನು ಹಿಡಿಯುವವರು, ಕಾಡಿನ ಉತ್ಪನ್ನ ನಂಬಿದವರು ಹೊರಗುಳಿಯುತ್ತಾರೆ. ಅವರದ್ದು ಅಂತ ತೋರಿಸಲು ಜಮೀನಿಲ್ಲ, ಆದರೆ ಬದುಕೆಲ್ಲ ಆ ಜಮೀನಿನ ಮೇಲೇ ಇತ್ತು. ಒಂದು ಕಡೆ ವಯಸ್ಸಾದ ಹೆಂಗಸೊಬ್ಬರು ನಮ್ಮ ನಕ್ಷೆಯ ಮೇಲೆ ಬೆರಳಿಟ್ಟು, "ಇಲ್ಲಿ ನಮ್ಮ ಬಾವಿ ಇದೆಯಲ್ಲ, ಅದನ್ನ ಬರ್ಕೊಂಡ್ರಾ?" ಅಂತ ಕೇಳಿದರು. ನಮ್ಮ ಫಾರಂನಲ್ಲಿ ಬಾವಿಗೆ ಜಾಗ ಇರಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡೆ. ಅದು ಅಂತಿಮ ಪಟ್ಟಿಗೆ ಬರಲಿಲ್ಲ. ಆ ಪೆನ್ಸಿಲ್ ಗುರುತು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಖರ್ಚಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ 245 ದೊಡ್ಡ ಅಣೆಕಟ್ಟುಗಳ ಲೆಕ್ಕ ತೆಗೆದರು. ಸರಾಸರಿ ಖರ್ಚು ಅಂದಾಜಿಗಿಂತ ಶೇ 96 ಹೆಚ್ಚು, ಅಂದರೆ ಹತ್ತಿರ ಹತ್ತಿರ ದುಪ್ಪಟ್ಟು. ಸಮಯ ಶೇ 44 ಹೆಚ್ಚು. ಸೌರ ಫಲಕ ಹಾಕಲು ತಿಂಗಳುಗಳು ಸಾಕಾಗುವ ಕಾಲದಲ್ಲಿ ಹತ್ತು ವರ್ಷದ ಕಾಯುವಿಕೆಯೂ ಒಂದು ಖರ್ಚೇ, ಅಲ್ವಾ? ಒಮ್ಮೆ ಕಟ್ಟಿ ಮುಗಿದರೆ ಮಾತ್ರ ಎಪ್ಪತ್ತು ಎಂಬತ್ತು ವರ್ಷ ಇಂಧನದ ಖರ್ಚಿಲ್ಲದೆ ನಡೆಯುತ್ತದೆ. ಆ ಕಾರಣಕ್ಕೇ ಹಳೆಯ ಅಣೆಕಟ್ಟಿನ ವಿದ್ಯುತ್ ಅಗ್ಗ. ಹೊಸದರದ್ದು ಅಗ್ಗ ಆಗಲೇಬೇಕು ಅಂತ ಇಲ್ಲ.

ಅಪಾಯದ ಬಗ್ಗೆ ಕೇಳಿದರೆ ಎಲ್ಲರೂ ಅಣೆಕಟ್ಟು ಒಡೆಯುವುದನ್ನೇ ಯೋಚಿಸುತ್ತಾರೆ. 1975ರಲ್ಲಿ ಚೀನಾದ ಬಾನ್‌ಚಿಯಾವ್ ಒಡೆದಾಗ ಸತ್ತವರು ಹತ್ತಾರು ಸಾವಿರ, ಕೆಲವು ಅಂದಾಜಿನ ಪ್ರಕಾರ ಲಕ್ಷ ಮೀರಿ. ಆದರೆ ಇಟಲಿಯ ವಯೋಂಟ್ ಅಣೆಕಟ್ಟು ಒಡೆಯಲೇ ಇಲ್ಲ. 1963ರ ಅಕ್ಟೋಬರ್ 9ರ ರಾತ್ರಿ ಪಕ್ಕದ ಬೆಟ್ಟದಿಂದ ಸುಮಾರು 26 ಕೋಟಿ ಘನ ಮೀಟರ್ ಮಣ್ಣು ಕಲ್ಲು ಜಲಾಶಯಕ್ಕೆ ಜಾರಿತು. ನೀರು ಅಣೆಕಟ್ಟಿನ ಮೇಲಿಂದ ಹಾರಿ ಕೆಳಗಿನ ಊರುಗಳನ್ನು ಅಳಿಸಿಹಾಕಿತು. ಸುಮಾರು 2,000 ಜನ ಸತ್ತರು. ಅಣೆಕಟ್ಟು ಇವತ್ತಿಗೂ ಅಲ್ಲೇ ನಿಂತಿದೆ. ಕಾಂಕ್ರೀಟಿನ ಲೆಕ್ಕ ಸರಿ ಇತ್ತು, ಬೆಟ್ಟದ ಲೆಕ್ಕ ತಪ್ಪಿತ್ತು. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನಲ್ಲಿ ಹಿಮನದಿಯ ಕೆರೆಯೊಂದು ಒಡೆದು 1,200 ಮೆಗಾವ್ಯಾಟಿನ ತೀಸ್ತಾ-3ರ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಹಾಗಂತ ಕಲ್ಲಿದ್ದಲು ಸುರಕ್ಷಿತ ಅಂತಲ್ಲ. ಅದರ ಹೊಗೆ ಸದ್ದಿಲ್ಲದೆ ಪ್ರತಿ ವರ್ಷ ಜನರನ್ನು ಕೊಲ್ಲುತ್ತದೆ.

ಬದಲಾದ ಮಳೆಯ ಲೆಕ್ಕವನ್ನೂ ಸೇರಿಸಿಕೊಳ್ಳಿ. ಅಣೆಕಟ್ಟಿನ ವಿನ್ಯಾಸ ಮಾಡುವುದು ಹಿಂದಿನ ದಶಕಗಳ ಒಳಹರಿವು ನೋಡಿ. ಮುಂದೆಯೂ ನದಿ ಹಾಗೇ ಹರಿಯುತ್ತದೆ ಅನ್ನುವ ನಂಬಿಕೆ ಅದರೊಳಗೆ ಇದೆ. 2022ರ ಕೊನೆಗೆ ಅದೇ ಕರಿಬಾದಲ್ಲಿ ಬಳಸಬಹುದಾದ ನೀರು ಶೇ 5ಕ್ಕೂ ಕೆಳಗಿಳಿಯಿತು. 2024ರ ಬರದಲ್ಲಿ ಜಾಂಬಿಯಾ ದಿನದ ಬಹುಪಾಲು ಕತ್ತಲಲ್ಲಿ ಕೂತಿತು. ಅಲ್ಲಿನ ವಿದ್ಯುತ್ತಿನಲ್ಲಿ ಶೇ 80ಕ್ಕೂ ಹೆಚ್ಚು ನೀರಿನದ್ದೇ.

ಹಾಗಾದರೆ ತೂಗುವುದು ಹೇಗೆ? ನನ್ನ ಕೈಗೆ ಯಾವುದಾದರೂ ಯೋಜನೆ ಬಂದರೆ ಮೊದಲು ಒಂದು ಚದರ ಕಿಲೋಮೀಟರ್ ಮುಳುಗಡೆಗೆ ಎಷ್ಟು ಮೆಗಾವ್ಯಾಟ್ ಅಂತ ನೋಡುತ್ತೇನೆ. ಆಮೇಲೆ ನದಿ ವರ್ಷಕ್ಕೆ ಎಷ್ಟು ಹೂಳು ತರುತ್ತದೆ, ಅದನ್ನು ಹೊರಬಿಡುವ ದಾರಿ ವಿನ್ಯಾಸದಲ್ಲೇ ಇದೆಯಾ ಅಂತ. ಬರದ ವರ್ಷದಲ್ಲಿ ಎಷ್ಟು ಯೂನಿಟ್ ಬರುತ್ತದೆ ಅಂತ ಕೇಳುತ್ತೇನೆ, ಸರಾಸರಿ ವರ್ಷದ್ದು ಬೇಡ. ಇದೇ ಕೆಲಸವನ್ನು ಸೌರ, ಗಾಳಿ, ಬ್ಯಾಟರಿ ಸೇರಿ ಮಾಡಬಲ್ಲವೇ ಅಂತ ಹೋಲಿಸಿ ನೋಡುತ್ತೇನೆ. ಅಣೆಕಟ್ಟನ್ನು ಏನೂ ಇಲ್ಲದ ಕತ್ತಲಿನ ಜೊತೆ ಹೋಲಿಸಿದರೆ ಯಾವಾಗಲೂ ಅಣೆಕಟ್ಟೇ ಗೆಲ್ಲುತ್ತದೆ. ಕೊನೆಗೆ ಜನರ ಎರಡು ಪಟ್ಟಿ ಬೇರೆ ಬೇರೆ ಇಡುತ್ತೇನೆ, ಪಡೆಯುವವರದ್ದು ಮತ್ತು ಕಳೆದುಕೊಳ್ಳುವವರದ್ದು. ಎರಡನೇ ಪಟ್ಟಿಯವರು ಒಪ್ಪಿದ್ದಾರಾ? ನೀರು ನಿಲ್ಲಿಸುವ ಮೊದಲೇ ಅವರಿಗೆ ಮನೆ, ಜಮೀನು, ಆದಾಯದಲ್ಲಿ ಪಾಲು ಸಿಕ್ಕಿದೆಯಾ? ಇಲ್ಲ ಅಂದರೆ ಉಳಿದ ಅಂಕಿಗಳು ಎಷ್ಟೇ ಚೆನ್ನಾಗಿದ್ದರೂ ನಾನು ಸಹಿ ಹಾಕುವುದಿಲ್ಲ.

ಕಟ್ಟಿರುವುದನ್ನು ಒಡೆಯಬೇಕಾ ಅಂತ ಕೇಳಿದ್ದೀರಿ. ಕೆಲವನ್ನು ಖಂಡಿತ ಒಡೆಯಬಹುದು. ಅಮೆರಿಕದ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು 2023 ಮತ್ತು 2024ರಲ್ಲಿ ತೆಗೆದರು. ನಾಲ್ಕೂ ಸೇರಿ ಅವುಗಳ ಸಾಮರ್ಥ್ಯ 160 ಮೆಗಾವ್ಯಾಟ್ ಆಸುಪಾಸು ಮಾತ್ರ. ಮೀನು ಹತ್ತುವ ಮೆಟ್ಟಿಲು ಕಟ್ಟಿ ಉಳಿಸಿಕೊಳ್ಳುವುದಕ್ಕಿಂತ ತೆಗೆಯುವುದೇ ಮಾಲೀಕರಿಗೆ ಅಗ್ಗವಾಯಿತು. ಅಲ್ಲಿನ ಮೂಲನಿವಾಸಿಗಳು ದಶಕಗಳಿಂದ ಕೇಳುತ್ತಿದ್ದದ್ದೂ ಅದನ್ನೇ. ಕೆಲಸ ಮುಗಿದ ಕೆಲವೇ ವಾರಗಳಲ್ಲಿ, 2024ರ ಅಕ್ಟೋಬರ್‌ನಲ್ಲಿ, ಮೇಲಿನ ಉಪನದಿಯಲ್ಲಿ ಸಾಲ್ಮನ್ ಮೀನು ಕಾಣಿಸಿಕೊಂಡವು. ಆ ಜಾಗಕ್ಕೆ ಅವು ಬಂದದ್ದು 1912ರ ನಂತರ ಅದೇ ಮೊದಲು.

ಆದರೆ ಸಂಜೆಯ ಲೋಡ್ ಹೊರುತ್ತಿರುವ ದೊಡ್ಡ ಅಣೆಕಟ್ಟನ್ನು, ಅದರ ಜಾಗ ತುಂಬುವ ವ್ಯವಸ್ಥೆ ಸಿದ್ಧವಾಗುವ ಮೊದಲೇ ಒಡೆಯಿರಿ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಒಡೆದರೆ ಅಲ್ಲಿ ಕಲ್ಲಿದ್ದಲು ಬಂದು ಕೂರುತ್ತದೆ. ಅಂಥ ಕಡೆ ಮಾಡುವ ಕೆಲಸ ಬೇರೆ ಇದೆ. ಹಳೆಯ ಟರ್ಬೈನು ಬದಲಿಸಿ ಅದೇ ನೀರಿನಲ್ಲಿ ಜಾಸ್ತಿ ಯೂನಿಟ್ ತೆಗೆಯಬಹುದು. ನೀರಾವರಿಗೆಂದು ಕಟ್ಟಿ ಟರ್ಬೈನೇ ಇಲ್ಲದ ಅಣೆಕಟ್ಟುಗಳಿಗೆ ಟರ್ಬೈನು ಕೂರಿಸಬಹುದು, ಹೊಸದಾಗಿ ಒಂದು ಗುಂಟೆಯೂ ಮುಳುಗುವುದಿಲ್ಲ. ಹೂಳು ಹೊರಬಿಡಬಹುದು. ಬೇಸಿಗೆಯಲ್ಲೂ ನದಿ ಹರಿಯುವಷ್ಟು ನೀರು ಬಿಡಬಹುದು. ಮತ್ತು ನಲವತ್ತು ಐವತ್ತು ವರ್ಷದ ಹಿಂದೆ ಊರು ಬಿಟ್ಟವರ ಬಾಕಿ ಇದೆಯಲ್ಲ, ಅವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಅರ್ಜಿ ಹಿಡಿದು ಕಾಯುತ್ತಿದ್ದಾರೆ. ಆ ಯಂತ್ರಗಳು ದಿನವೂ ಸಂಪಾದಿಸುತ್ತಿರುವ ಹಣದಿಂದಲೇ ಅದನ್ನು ತೀರಿಸಬಹುದು.